ಹೂಂ ಅನ್ನುವ ಗಿರಿಜಾ

ಆಶ್ಲೇಷಾ ಮಳೆ ಒಮ್ಮೆ ಹಿಡಿಯಿತೆಂದರೆ ಭಾಲ್ಕಿ ಸೀಮೆಯ ಎರೆಮಣ್ಣಿನ ದಾರಿ ಯಾರ ಮಾತನ್ನೂ ಕೇಳುವುದಿಲ್ಲ. ಬಂದವರನ್ನು ಬಂದಲ್ಲೇ ಕೂಡಿಸಿಬಿಡುತ್ತದೆ. ಅಂದು ಸಂಜೆ ಹಾಗೆ ಕಾಂತಾಬಾಯಿಯ ಪಡಸಾಲೆಯಲ್ಲಿ ಸಿಕ್ಕಿಬಿದ್ದವರು ಇಬ್ಬರು: ಬೀದರಿನ ಇಂಜಿನಿಯರು ಮಂಜಿರಿ, ಅವಳ ಕೈಕೆಳಗಿನ ಗೌಂಡಿ ಬದ್ರೋದ್ದೀನ. ಹಲಬರ್ಗಾದ ಆಚೆ ಬಿದ್ದುಹೋಗಿದ್ದ ಹಳೆಯ ಕ್ಯಾಥೋಲಿಕ್ ಚರ್ಚನ್ನು ಮೊದಲಿದ್ದಂತೆಯೇ ಎಬ್ಬಿಸುವ ಕೆಲಸ ಅವರದು. ಕಮಾನು ನಿಂತಿತ್ತು, ಮಾಳಿಗೆ ಮುಗಿದಿತ್ತು, ಬಲಗೋಡೆಯ ಒಂದು ಕಿಂಡಿ ಮಾತ್ರ ಬಾಯಿ ತೆರೆದುಕೊಂಡು ಉಳಿದಿತ್ತು. ಅಲ್ಲಿದ್ದ ಕರಿಕಲ್ಲಿನ ಜಾಳಿ, ಹೂವಿನಾಕಾರದ ತೂತುಗಳ ಆ ಕಲ್ಲುಕಿಟಕಿ, ಕಾಂತಾಬಾಯಿಯ ಅಡುಗೆಮನೆಯ ಗೋಡೆಯಲ್ಲಿದೆ ಎಂದು ಊರವರು ಹೇಳಿದ್ದರು. ಅದನ್ನು ಕೇಳಿ ಒಯ್ಯಲು ಇಬ್ಬರೂ ಬಂದಿದ್ದರು.

ಕಾಂತಾಬಾಯಿ ಕೊಡುತ್ತೇನೆ ಎನ್ನಲಿಲ್ಲ, ಕೊಡುವುದಿಲ್ಲ ಎನ್ನಲೂ ಇಲ್ಲ. ಮೊಮ್ಮಗಳು ವಿಶಾಖಾಗೆ ಚಹಾಕ್ಕೆ ಹೇಳಿ, ಗೋಡೆಯ ಮೇಲಿನ ಬುದ್ಧನ ಪಟದ ಕೆಳಗೆ ಕಾಲು ಚಾಚಿ ಕುಳಿತಳು. ಹಲ್ಲು ಹೋಗಿದ್ದರೂ ನಾಲಿಗೆ ಚುರುಕಾಗಿಯೇ ಇತ್ತು.

"ಕೊಡೂದೋ ಬಿಡೂದೋ ಆಮ್ಯಾಲ ನೋಡೋಣು. ಮೊದಲ ಆ ಜಾಳಿ ಹಿಂದಿನ ಆಕಿ ಯಾರು ಅಂತ ತಿಳ್ಕೋರಿ. ದೆವ್ವ ಭೂತ ಅಂದ್ರ ನಮ್ಮ ಮನ್ಯಾಗ ಯಾರೂ ನಂಬೂದಿಲ್ಲರಿ... ಹಾಂಗಂತ ಇದ್ದಾಕಿನ್ನ ಇಲ್ಲ ಅನ್ಲಿಕ್ಕಿ ಬರ್ತದೇನು?"

ಹೊರಗೆ ಮಳೆ ಇನ್ನೊಂದು ಸುತ್ತು ಜೋರಾಯಿತು. ಮುದುಕಿ ಕತೆಗೆ ಕೈಹಾಕಿದಳು.

ನಿಜಾಮನ ಕಾಲದಲ್ಲಿ ಸಮುದ್ರದಾಚೆಯ ಒಬ್ಬ ಪಾದ್ರಿ ಆ ಚರ್ಚು ಕಟ್ಟಿಸಿದನಂತೆ. ಕಟ್ಟಲು ಬಂದವರು ಬೀದರಿನ ಗೌಂಡಿಗಳು, ಮಸೀದಿ ಗುಂಬಜಗಳಲ್ಲಿ ಕೈ ಪಳಗಿದವರು. ಪಾದ್ರಿ ನೆಲದ ಮೇಲೆ ಗೆರೆ ಎಳೆದು ತೋರಿಸಿದ, ಅವರು ತಮಗೆ ಬರುವ ರೀತಿಯಲ್ಲಿ ಕಟ್ಟಿದರು. ಹೀಗಾಗಿ ಕೆಂಪು ಜಂಬಿಟ್ಟಿಗೆಯ ದಪ್ಪ ಗೋಡೆ, ಬೆಲ್ಲದ ನೀರು ಬೆರೆಸಿ ಅರೆದ ಸುಣ್ಣದ ಗಚ್ಚು, ನೆತ್ತಿಯಲ್ಲಿ ಮೊನೆಯಾಗಿ ಕೂಡುವ ಕಮಾನು, ಯೇಸುವಿನ ಹಿಂದೆ ಮಸೀದಿಯ ಮಿಹರಾಬಿನಂಥ ಗೂಡು. ಮೇಲೆ ಶಿಲುಬೆ ಒಂದು ಇರದಿದ್ದರೆ ದಾರಿಹೋಕರು ನಮಾಜು ಮುಗಿಸಿಕೊಂಡೇ ಮುಂದೆ ಹೋಗುತ್ತಿದ್ದರು ಎಂದು ಕಾಂತಾಬಾಯಿ ನಕ್ಕಳು. ಬದ್ರೋದ್ದೀನನೂ ನಕ್ಕ. ಒಳಗೆ ಎಂಥ ಬೇಸಿಗೆಯಲ್ಲೂ ತಂಪು, ಸುಣ್ಣ ನುಣ್ಣಗೆ ಕನ್ನಡಿಯಂತೆ, ಪಾರಿವಾಳದ ಗುಟುರು ಬಿಟ್ಟರೆ ಸದ್ದಿಲ್ಲ... ಅಂಥ ತಂಪು ಈಗ ಯಾವ ಮನೆಯಲ್ಲಿದೆ ಹೇಳಿ, ಎಂದು ಕೇಳಿದಳು.

ಬಲಗೋಡೆಯ ಜಾಳಿ ಪಾಪ ಹೇಳಿಕೊಳ್ಳುವ ಜಾಗ. ಹಿಂದಿನ ಸಣ್ಣ ಕೋಣೆಯಲ್ಲಿ ಪಾದ್ರಿ ಮರೆಯಾಗಿ ಕೂಡುತ್ತಿದ್ದ, ಹೇಳುವವರು ಈಚೆ ಮೊಣಕಾಲೂರುತ್ತಿದ್ದರು. ಇನ್ನು ಉರ್ದು ಮಾತಾಡುವವರು ಚರ್ಚಿಗೆ ಗಿರ್ಜಾ ಅನ್ನುತ್ತಾರಲ್ಲ, ಅದು ಸುತ್ತಲಿನ ಹೆಂಗಸರ ಕಿವಿಯಲ್ಲಿ ಗಿರಿಜಾ ಆಯಿತು. ಗಿರಿಜಾಳ ಮನೆ ಎಂದ ಮೇಲೆ ಒಳಗೆ ಗಿರಿಜಾ ಎನ್ನುವ ಹೆಂಗಸು ಇರಲೇಬೇಕಲ್ಲ? ಯಾರೋ ಪುಣ್ಯವಂತೆ, ಮುಖ ತೋರಿಸದೆ ಜಾಳಿಯ ಹಿಂದೆ ಕೂತು ಕಷ್ಟ ಕೇಳುತ್ತಾಳೆ ಎಂದು ಸುದ್ದಿಯಾಯಿತು. ಗುಡಿಯ ಮೆಟ್ಟಿಲು ಹತ್ತಗೊಡದ ಕಾಲ ಅದು. ಕಾಂತಾಬಾಯಿಯ ಕೇರಿಯ ಹೆಂಗಸರಿಗೆ ಬಾ ಅಂದ ಬಾಗಿಲು ಅದೊಂದೇ. ಅವರು ಬಳೆ, ಅರಿಶಿನ ತಂದಿಟ್ಟು ಅತ್ತೆಯ ಕಾಟ, ಗಂಡನ ಕುಡಿತ, ಹೊಟ್ಟೆಯ ಸಂಕಟ ಎಲ್ಲ ಸುರಿದು ಬರುತ್ತಿದ್ದರು.

ಪಾದ್ರಿಗೆ ಕನ್ನಡ ಅಷ್ಟಕ್ಕಷ್ಟೇ. ಅವನು ಎಬ್ಬಿಸಿ ಕಳಿಸಲಿಲ್ಲ, ನಡುನಡುವೆ ಹೂಂ ಎನ್ನುತ್ತಿದ್ದ. ದನಿ ಯಾಕೆ ಇಷ್ಟು ದಪ್ಪ ಎಂದು ಒಬ್ಬಳಿಗೆ ಅನುಮಾನ ಬಂದರೆ, ಗಿರಿಜಾಗೆ ನೆಗಡಿಯಾಗಿದೆ ಎಂದು ಇನ್ನೊಬ್ಬಳು ಬಾಯಿ ಮುಚ್ಚಿಸಿದಳು.

"ಮುಂದ ಪಾದ್ರಿ ತೀರಿಕೊಂಡರು. ಚರ್ಚಿನ ಹಿಂದ ಮಣ್ಣ ಮಾಡಿದರು. ಅವರು ಕೂಡ್ತಿದ್ದ ಸಣ್ಣ ಖೋಲಿಗಿ ಕೀಲಿ ಬಿತ್ತು. ನಮ್ಮ ಹೆಣ್ಣಮಕ್ಕಳಿಗಿ ಇದೇನು ಗೊತ್ತರಿ? ಹೋಗೂದು ಬಿಡಲಿಲ್ಲ. ಜಾಳಿ ಹಿಂದಿಂದ ಹೂಂ ಅನ್ನೂದೂ ನಿಂದರಲಿಲ್ಲ..." ಕಾಂತಾಬಾಯಿ ಚಹಾದ ಬಟ್ಟಲು ಕೆಳಗಿಟ್ಟಳು. "ಖರೇ, ನೆಗಡಿ ಮಾತ್ರ ಬಿಟ್ಟಿತ್ತು."

ಬದ್ರೋದ್ದೀನ ಕೂತಲ್ಲೇ ಒಳಸರಿದ. ಮಂಜಿರಿಗೆ ನಗಬೇಕು ಎನಿಸಿತು, ಆದರೆ ನಗೆ ಬರಲಿಲ್ಲ.

ಬಹಳ ವರ್ಷದ ಮೇಲೆ ಹೊಸ ಫಾದರ್ ಒಬ್ಬರು ಬಂದರು. ಕನ್ನಡ ಬಲ್ಲವರು, ಒಳ್ಳೆಯವರು. ಹೆಂಗಸರನ್ನೆಲ್ಲ ಕೂಡಿಸಿ, ಗಿರ್ಜಾ ಅಂದರೆ ಈ ಕಟ್ಟಡ ತಾಯಂದಿರಾ, ಹೆಂಗಸಲ್ಲ ಎಂದು ತಿಳಿಹೇಳಿದರು. ಕೀಲಿ ತೆಗೆಸಿ ಕೋಣೆ ತೋರಿಸಿದರು. ಧೂಳು, ಬಾವಲಿ, ಒಂದು ಮುರುಕು ಕುರ್ಚಿ. ಎಲ್ಲರೂ ತಮ್ಮ ದಡ್ಡತನಕ್ಕೆ ಬಿದ್ದು ಬಿದ್ದು ನಕ್ಕರು. ಕಾಂತಾಬಾಯಿಯ ಅತ್ತೆ ಮಾತ್ರ ನಗಲಿಲ್ಲ. ಹಾಗಾದರೆ ಇಷ್ಟು ದಿನ ಹೂಂ ಅಂದವಳು ಯಾರು ಎಂದು ಕೇಳಿದಳು. ಫಾದರ್ ಕೋಣೆಗೆ ಮತ್ತೆ ಕೀಲಿ ಹಾಕಿಸಿದರು.

ಆಗ ಕಾಂತಾಬಾಯಿ ಹೊಸ ಸೊಸೆ. ಅವಳ ಮೊದಲ ಕೂಸು, ಹೆಣ್ಣು, ತೊಟ್ಟಿಲಿಗೆ ಹಾಕುವ ಮೊದಲೇ ಜ್ವರದಲ್ಲಿ ಹೋಯಿತು. ಹೆಸರಿಡದ ಕೂಸಿಗೆ ಎಷ್ಟು ದಿನ ಅಳುತ್ತೀ ಎಂದು ಮನೆಯವರು ಗದರಿದರು. ಹೆಸರು ಇತ್ತು, ಅವಳ ಮನಸ್ಸಿನಲ್ಲಿತ್ತು. ಅದನ್ನು ಯಾರೂ ಕೇಳಲಿಲ್ಲ. ಅವಳು ಹೋಗಿ ಜಾಳಿಗೆ ಹಣೆ ಹಚ್ಚಿ, ಅತ್ತು, ಆ ಹೆಸರು ಹೇಳಿದಳು. ಒಳಗಿನಿಂದ ತಾಯಿಯ ದನಿಯಲ್ಲಿ ಹೂಂ ಎಂದು ಕೇಳಿತು. ಆಮೇಲೆ ಚರ್ಚಿನ ಮಾಳಿಗೆ ಒಂದು ಮಳೆಗಾಲ ಕುಸಿದು, ಜನ ಕಲ್ಲು ಹೊತ್ತುಕೊಂಡು ಹೋಗತೊಡಗಿದಾಗ, ಗಂಡ ಉತ್ತಮನಿಗೆ ದುಂಬಾಲು ಬಿದ್ದು ಜಾಳಿಯನ್ನು ಬಂಡಿಯಲ್ಲಿ ಮನೆಗೆ ತರಿಸಿದಳು. ಅವಳಿಗೆ ಆಮೇಲೆ ಮಕ್ಕಳಾದರು, ಮೊಮ್ಮಕ್ಕಳಾದರು.

"ಆದರ ಆ ಕೂಸಿನ ಹೆಸರು ಇವತ್ತಿಗೂ ಇಬ್ಬರಿಗೇ ಗೊತ್ತದ ತಂಗಿ. ನನಗ, ಆಕಿಗಿ. ಈಗ ಹೇಳ್ರಿ... ಹ್ಯಾಂಗ ಕೊಡ್ಲಿ?"

ಮಂಜಿರಿ ಎದ್ದು, ಅಳತೆ ನೋಡುವ ನೆವ ಮಾಡಿಕೊಂಡು ಅಡುಗೆಮನೆಗೆ ಹೋದಳು. ಮಸಿ ಹಿಡಿದ ಗೋಡೆಯಲ್ಲಿ ಜಾಳಿ ಮಾತ್ರ ನುಣುಪಾಗಿತ್ತು, ಹಣೆ ತಾಗಿ ತಾಗಿ ಸವೆದಂತೆ. ಆಷಾಢದಲ್ಲಿ ತನ್ನ ಬಸಿರು ನಿಲ್ಲದೆ ಹೋದದ್ದನ್ನು ಅವಳು ಗಂಡನ ಹೊರತು ಯಾರಿಗೂ ಹೇಳಿರಲಿಲ್ಲ. ಮರುವಾರವೇ ಕೆಲಸಕ್ಕೆ ಬಂದು, ಗೌಂಡಿಗಳ ಮುಂದೆ ನಿಂತು ಗಚ್ಚಿನ ಹದ ನೋಡಿದ್ದಳು. ಈಗ ಆ ಮಾತು ತಾನಾಗಿಯೇ ಬಾಯಿಗೆ ಬಂತು. ಕಲ್ಲಿನ ಹತ್ತಿರ ಬಾಗಿ ಪಿಸುಮಾತಿನಲ್ಲಿ ಹೇಳಿದಳು. ಮಳೆಯ ಸದ್ದು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಕಣ್ಣು ಒರೆಸಿಕೊಂಡು ಹೊರಬಂದವಳು, ಜಾಳಿ ಬೇಡ ಆಯಿ, ಹೊಸದು ಕೆತ್ತಿಸುತ್ತೇನೆ ಎಂದಳು.

ಕಾಂತಾಬಾಯಿ ಅವಳ ಮುಖವನ್ನೇ ನೋಡಿದಳು. ನಂತರ, ಆ ಚರ್ಚು ಗಿರಿಜಾಳ ತವರು, ತವರಿಗೆ ಹೊರಟವಳನ್ನು ಹಿಡಿದು ಕೂಡಿಸುವುದು ಸರಿಯಲ್ಲ ಎಂದಳು. ತಾನೊಬ್ಬಳೇ ಒಳಗೆ ಹೋದಳು. ಬಹಳ ಹೊತ್ತಿನ ಮೇಲೆ ಸೆರಗಿನಲ್ಲಿ ಮುಖ ಒರೆಸುತ್ತ ಬಂದು, ತೆಗೆಯಿರಿ ಎಂದು ಬದ್ರೋದ್ದೀನನಿಗೆ ಕೈಸನ್ನೆ ಮಾಡಿದಳು. ಅವನು ಬಿಸ್ಮಿಲ್ಲಾ ಹೇಳಿಯೇ ಉಳಿ ಹಚ್ಚಿದ.

ಮಳೆ ಹೊಳವಾಗುವ ಹೊತ್ತಿಗೆ ಗೋಣಿಯಲ್ಲಿ ಸುತ್ತಿದ ಜಾಳಿ ಊರಿನ ಟಂಟಂ ಆಟೋ ಏರಿತ್ತು. ಬದ್ರೋದ್ದೀನ ಅದರ ಹತ್ತಿರ ಕೂಡಲು ಒಪ್ಪದೆ ಮುಂದೆ ಡ್ರೈವರನ ಪಕ್ಕ ಹೋಗಿ ಕುಳಿತ. ಹಿಂದೆ ಮಂಜಿರಿ ಒಬ್ಬಳೇ. ಕಾಂತಾಬಾಯಿ ಹೊಸ್ತಿಲು ದಾಟಿ ಬಂದು, ಅವಳ ಕೈ ಹಿಡಿದು, ಮೆಲ್ಲಗೆ ಹೇಳಿದಳು.

"ಇಷ್ಟು ವರ್ಷ ಹೂಂ ಬಿಟ್ಟರ ಮತ್ತೊಂದು ಮಾತು ಆಡಿದಾಕಿ ಅಲ್ಲ ನೋಡ್ರಿ ಆಕಿ. ಇವತ್ತ ಆಡಿದಳು. ಬರ್ತೇನಿ, ಅಂದಳು... ನನಗ ಹೇಳಿ ಹೊಂಟಳೋ, ನಿಮ್ಮ ಸಂಗಾಟ ಬರ್ತೇನಿ ಅಂದಳೋ, ನನಗ ತಿಳೀಲಿಲ್ಲ. ಕಲ್ಲು ಚರ್ಚಿನ್ಯಾಗ ಇಳಸ್ರಿ. ಆದರ ನಿಮ್ಮ ಮನಿ ಮುಟ್ಟಿದ ಮ್ಯಾಲ, ಬಾಗಲಾ ಲಗೂನ ಹಾಕಬ್ಯಾಡ್ರಿ ತಂಗಿ... ಆಕಿ ಒಳಗ ಬರಲಿ."