ಕತ್ತಿನ ಸಣಕಲು ನಾಳ

ಯಾಕಕ್ಕಾ ನಗ್ತೀಯ? ತಮ್ಮನ ಕತ್ತಲ್ಲಿ ರಕ್ತನಾಳ ಸಣಕಲು ಅಂದ್ರೆ ನಗೋ ವಿಷಯಾನಾ ಅದು? ...ನಗು, ನಗು. ಆ ಹೊಲಿಗೆ ಮಿಷನ್ ಮಾತ್ರ ನಿಲ್ಸು. ಅದರ ಗಲಾಟೇಲಿ ನನ್ನ ಗೋಳು ನಂಗೇ ಕೇಳಿಸ್ತಿಲ್ಲ.

ಹ್ಞೂ, ಹುಟ್ಟಿದಾಗಿಂದ್ಲೂ ಹಾಗೇ ಅಂತೆ. ಮೊನ್ನೆ ಏಣಿಯಿಂದ ಬಿದ್ದೆನಲ್ಲ, ತಲೆಗೆ ಪೆಟ್ಟಾಗಿದೆ ಅಂತ ಸ್ಕ್ಯಾನ್ ಮಾಡಿದ್ರು. ಆಗ ಕಂಡಿದ್ದು. ಕತ್ತಿನ ಹಿಂದುಗಡೆಯಿಂದ ಮಿದುಳಿಗೆ ಎರಡು ನಾಳ ಹೋಗ್ತಾವಂತೆ, ಆ ಕಡೆ ಒಂದು, ಈ ಕಡೆ ಒಂದು. ನನ್ನ ಎಡಗಡೇದು ಬೆಳೆದೇ ಇಲ್ಲ! ಬಲಗಡೇದು ಹಗ್ಗದ ಥರ ಇದೆ, ಈ ಎಡಗಡೇದನ್ನ ನೀನು ಸೂಜಿಗೆ ಪೋಣಿಸ್ಬಹುದು. ಹಾಲೆಲ್ಲಾ ನಮ್ಮಕ್ಕನೇ ಕುಡ್ದು ಮುಗಿಸ್ತಿದ್ಲು, ಅದಕ್ಕೇ ಹೀಗಾಗಿದೆ ಅಂದೆ. ಡಾಕ್ಟರಮ್ಮಾನೂ ನಕ್ಕುಬಿಟ್ರು.

"ಹೆದರ್ಬೇಡಿ, ಎಷ್ಟೋ ಜನಕ್ಕೆ ಹೀಗಿರುತ್ತೆ, ಕೊನೇವರೆಗೂ ಗೊತ್ತೇ ಆಗಲ್ಲ" ಅಂದ್ರು. ಅಷ್ಟೇ... ಅಷ್ಟೇ ಅಂದ್ರೆ ಅಷ್ಟೇ! ...ಸರಿ ತಾಯಿ, ಇನ್ನೊಂದು ಮಾತೂ ಅಂದ್ರು. ಬಿಪಿ ಇದ್ದು, ಮೇಲೆ ಸಿಗರೇಟೂ ಸೇದಿದ್ರೆ, ಇಂಥೋರಿಗೆ ಪಾರ್ಶ್ವವಾಯು ಹೊಡೆಯೋ ಭಯ ಜಾಸ್ತಿ ಅಂತ. ಸಿಗರೇಟು ಬಿಟ್ಟೆ. ...ಯಾಕೆ ಮೂಗರಳಿಸ್ತೀಯ? ಬಿಟ್ಟೆ ಅಂದ್ನಲ್ಲ! ಇವತ್ತು ತಿಂಡಿ ಆದ್ಮೇಲೆ ಬಿಟ್ಟೆ.

ನಾನು ಬಂದಿದ್ದು ಬೇರೆ ಕೆಲಸಕ್ಕೆ. ಆ ದೊಡ್ಡ ಸಭಾಂಗಣ ಇದೆಯಲ್ಲ, ಅದರ ಚಾವಣಿಗೆ ಬಣ್ಣ ಹೊಡೆಯೋಕೆ ನನ್ನನ್ನೇ ಕರೆದಿದಾರೆ. ನಮ್ಮನೆಯವಳು ನೋಡಿದ್ರೆ ಏಣಿಗೆ ಸರಪಳಿ ಹಾಕಿ ಬೀಗ ಜಡಿದಿದಾಳೆ, ಕಳ್ಳನಾಯಿ ಕಟ್ಟಿದ ಹಾಗೆ! ನಾನು ಹೇಳಿದ್ರೆ ಕೇಳಲ್ಲ. ನೀನು ಹೇಳಿದ್ರೆ ಕೇಳ್ತಾಳೆ. ಮೊನ್ನೆ ಬಣ್ಣ ಚೆಲ್ಲಿತ್ತು, ಕಾಲು ಜಾರಿತು, ಅಷ್ಟೇ ಅಂತ ಒಂದು ಮಾತು ಹೇಳಕ್ಕಾ... ಕೊಡು, ಟೀ ಕೊಡು, ಆರಿ ಹೋಗುತ್ತೆ.

ಅಯ್ಯೋ! ...ಪರ್ವಾಗಿಲ್ಲ ಬಿಡು, ಒರೆಸ್ತೀನಿ. ಲೋಟ ಈ ಕಡೆ ಇದೆ ಅಂದ್ಕೊಂಡೆ. ಯಾರಿಗೂ ಕೈ ತಪ್ಪೋದೇ ಇಲ್ವಾ?

ಬೈಯೋದಾದ್ರೆ ಬೈದುಬಿಡು. ...ಹಾಗೆ ನೋಡ್ಬೇಡಕ್ಕಾ.

...ಬಣ್ಣ ಚೆಲ್ಲಿರ್ಲಿಲ್ಲ. ಗೋಣೆತ್ತಿ ಚಾವಣಿ ಮುಗ್ಸಿ ಇಳೀತಿದ್ದೆ, ಏಣಿ ಮೆಟ್ಟಿಲು ಎರಡೆರಡು ಕಂಡ್ವು. ಇಲ್ಲದೇ ಇರೋದರ ಮೇಲೆ ಕಾಲಿಟ್ಟೆ. ಡಾಕ್ಟರಿಗೂ ಹೇಳ್ಲಿಲ್ಲ... ಹೇಳಿದ್ರೆ ಏಣೀನೇ ಹತ್ಬೇಡ ಅಂತಾರಲ್ಲ! ಮೀಸೆ ಬರೋಕೆ ಮುಂಚೆಯಿಂದ ಮೇಲೇ ಇದ್ದೋನು ನಾನು. ಕೆಳಗೆ ನಿಂತು ಏನು ಮಾಡ್ಲಿ ಹೇಳು?

ಈಗ್ಲಾ? ...ಹ್ಞೂ, ಈಗ್ಲೂ ಹಾಗೇ. ಬೆಳಿಗ್ಗೆಯಿಂದ. ನೀನೆದ್ದೆ ನೋಡು, ಇಬ್ರೂ ಎದ್ರಿ.

ಗಾಡಿಗೆ ಫೋನ್ ಮಾಡ್ತಿದೀಯಾ? ಮಾಡು. ಬರ್ತೀನಿ ಆಸ್ಪತ್ರೆಗೆ, ಜಗಳ ಆಡಲ್ಲ, ಎಲ್ಲಾ ಹೇಳ್ತೀನಿ. ಅಳ್ಬೇಡ ಮಾತ್ರ... ಒಬ್ಳು ಅಕ್ಕ ಅತ್ರೇ ತಡ್ಕೊಳ್ಳೋಕಾಗಲ್ಲ ನಂಗೆ.

ಕೈ ಕೊಡು, ಏಳ್ತೀನಿ.

...ಅದಲ್ಲಕ್ಕಾ. ನಿಜವಾದದ್ದು ಕೊಡು.