ಭಾವನ ಹುಲ್ಲಿಗೆ ಅಳೆಯದೆ ಎರಚಿದ ಗೊಬ್ಬರ

ಅಕ್ಕ, ಹುಲ್ಲಣ್ಣನವರ ಮನೆಯವರೇ, ವರ್ಷಗಟ್ಟಲೆ ಅಂಗಡಿಗೆ ಬಂದು ನಮ್ಮವರೇ ಆಗಿಬಿಟ್ಟಿರುವ ಗಿರಾಕಿಗಳೇ, ಹಿರಿಯರೇ — ಎಲ್ಲರಿಗೂ ನಮಸ್ಕಾರ.

ಹುಲ್ಲಣ್ಣನವರ ನೆನಪಿನ ಸಭೆಯನ್ನು ಗೋದಾಮಿನಲ್ಲಿ ಇಟ್ಟಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಇಷ್ಟು ಜನರಿಗೆ ಅಂಗಡಿಯಲ್ಲಿ ಜಾಗ ಸಾಲುತ್ತಿರಲಿಲ್ಲ. ಚೀಲಗಳನ್ನು ಗೋಡೆಗೆ ಒತ್ತರಿಸಿ ಕುರ್ಚಿ ಹಾಕಿದ್ದೇವೆ. ನಿಮಗೆ ವಾಸನೆ ಬರುತ್ತಿದ್ದರೆ ಅದು ಎಲೆಗೊಬ್ಬರದ್ದು. ಹುಲ್ಲಣ್ಣ ಇದ್ದಿದ್ದರೆ ಅದನ್ನು ವಾಸನೆ ಎನ್ನಲು ಬಿಡುತ್ತಿರಲಿಲ್ಲ. "ಮೂಗು ಮುಚ್ಕೋಬೇಡಿ, ಒಂದ್ಸಲ ಎಳ್ಕೊಂಡು ನೋಡಿ" ಎಂದು ಅಂಗೈ ತುಂಬ ತೆಗೆದು ಹೀಗೆ — ಮುಖಕ್ಕೇ ಹಿಡಿಯುತ್ತಿದ್ದರು.

ನನಗೆ ಎದ್ದು ನಿಂತು ಮಾತಾಡಿ ಅಭ್ಯಾಸವಿಲ್ಲ. ಸಾಹಿತ್ಯ ಓದಿ ಬಂದ ನನಗೆ ಈ ಅಂಗಡಿಯಲ್ಲಿ ಸಿಕ್ಕಿದ ಕೆಲಸ, ಯಾವ ಗೊಬ್ಬರವನ್ನು ಹೇಗೆ ಹಾಕಬೇಕು ಎಂದು ಗಿರಾಕಿಗಳಿಗೆ ತಿಳಿಯುವ ಹಾಗೆ ಬರೆದುಕೊಡುವುದು. ಬರೆದು ಪಕ್ಕಕ್ಕೆ ಸರಿಯುವುದೇ ನನ್ನ ಸ್ವಭಾವ. ಆದರೂ ಇವತ್ತು ನಾನೇ ಮಾತಾಡುತ್ತೇನೆ ಎಂದು ಕೇಳಿಕೊಂಡೆ. ಕಾರಣ ಇದೆ. ಹುಲ್ಲಣ್ಣ ಹೋದ ಮೇಲೆ ನಮ್ಮ ಬೀದಿಯಲ್ಲಿ ಒಂದು ಮಾತು ಓಡಾಡುತ್ತಿದೆ. ಅವರು ಕಾಯಿಲೆಯಿಂದ ಹೋಗಲಿಲ್ಲ, ಮನೆ ಮುಂದಿನ ಹುಲ್ಲು ಸುಟ್ಟುಹೋಗಿದ್ದನ್ನು ನೋಡಿ ಎದೆಯೊಡೆದು ಹೋದರು ಎಂದು. ಸುಟ್ಟಿದ್ದು ಅವರ ಭಾವಮೈದುನನೇ ಎಂದು. ಬೇಕಂತಲೇ ಮಾಡಿದ ಎನ್ನುವವರೂ ಇದ್ದಾರೆ.

ಆ ದಿನಗಳಲ್ಲಿ ನಾನು ಅಲ್ಲಿದ್ದೆ. ಕಂಡದ್ದನ್ನು ಹೇಳುತ್ತೇನೆ.

ನಮ್ಮ ಅಂಗಡಿಯನ್ನು ಬಲ್ಲವರಿಗೆ ಇದೆಲ್ಲ ಗೊತ್ತು, ಹೊಸಬರಿಗಾಗಿ ಹೇಳುತ್ತೇನೆ. ಒಂದೇ ಬಾಗಿಲು, ಎರಡು ಕೌಂಟರು. ಎಡಗಡೆ ಹುಲ್ಲಣ್ಣ — ಎಲೆಗೊಬ್ಬರ, ಎರೆಗೊಬ್ಬರ, ಹಿಂಡಿ. ಬಲಗಡೆ ಅವರ ಹೆಂಡತಿಯ, ಅಂದರೆ ನಮ್ಮ ಅಕ್ಕನ, ತಮ್ಮ, ನಾವೆಲ್ಲ ಚಿಕ್ಕಣ್ಣ ಎನ್ನುವವರು — ಯೂರಿಯಾ, ಕಳೆನಾಶಕ, ಹುಳದ ಔಷಧಿ. ಮನೆ ಮುಂದಿನ ಹುಲ್ಲುಹಾಸು ಹಳದಿಯಾಯಿತು ಎಂದು ಯಾರಾದರೂ ಒಳಗೆ ಬಂದರೆ, ಪಾಪ, ಇಬ್ಬರ ನಡುವೆ ಸಿಕ್ಕಿಕೊಳ್ಳುತ್ತಿದ್ದರು.

"ಏ ಯೂರಿಯಾ, ನೀನು ಹುಲ್ಲಿಗೆ ಊಟ ಹಾಕ್ತೀಯ. ನಾನು ಮಣ್ಣಿಗೆ ಹಾಕ್ತೀನಿ. ವ್ಯತ್ಯಾಸ ತಿಳ್ಕೋ" ಎನ್ನುತ್ತಿದ್ದರು ಹುಲ್ಲಣ್ಣ. ಭಾವಮೈದುನನನ್ನು ಅವರು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಯೇ ಇಲ್ಲ.

"ಹೌದು ಭಾವ. ನಿಮ್ಮ ಮಣ್ಣು ಊಟ ಮುಗಿಸಿ ಕೈ ತೊಳ್ಕೊಳ್ಳೋ ಹೊತ್ತಿಗೆ ಗಿರಾಕಿ ಮನೆ ಖಾಲಿ ಮಾಡಿರ್ತಾನೆ."

ಹೀಗೆ. ದಿನವೂ ಹೀಗೆ.

ಒಮ್ಮೆ ಒಬ್ಬ ದೊಡ್ಡ ಮನುಷ್ಯರು ಬಂದರು. ಪಕ್ಕದ ಮನೆಯವರ ಲಾನಿಗಿಂತ ತಮ್ಮದು ಹಸಿರಾಗಬೇಕಂತೆ, ಬೇಗ ಆಗಬೇಕಂತೆ. ಹುಲ್ಲಣ್ಣ ಸಮಾಧಾನವಾಗಿ ಕೇಳಿದರು: "ನಿಮ್ಮ ಲಾನ್ ಮೇಲೆ ಯಾರು ಕೂತ್ಕೋತಾರೆ?" ಅವರು ಹೆಮ್ಮೆಯಿಂದ, "ಯಾರೂ ಇಲ್ಲ. ಕಾಲಿಡಬಾರದು ಅಂತ ಬೋರ್ಡೇ ಹಾಕಿಸಿದೀನಿ" ಎಂದರು. ಹುಲ್ಲಣ್ಣ ಕೈ ಎತ್ತಿ ಬೀದಿಯಾಚೆ ತೋರಿಸಿದರು — "ಹಾಗಾದ್ರೆ ಎದುರುಗಡೆ ಪೇಂಟ್ ಅಂಗಡಿ ಇದೆ, ಸ್ವಾಮಿ."

ನೀವು ನಗುತ್ತಿದ್ದೀರಿ. ಆ ಮಹಾನುಭಾವರೂ ಇಲ್ಲೇ ಇದ್ದಾರೆ, ಅವರೂ ನಗುತ್ತಿದ್ದಾರೆ. ಸಂತೋಷ.

ಆದರೆ ಹುಲ್ಲಣ್ಣ ಹಟಮಾರಿ ಎಂದು ತಿಳಿಯಬೇಡಿ. ಬೇರು ತಿನ್ನುವ ಹುಳ ಮಿತಿಮೀರಿದ್ದರೆ ಅವರೇ ಗಿರಾಕಿಯ ಭುಜ ಹಿಡಿದು ಬಲಗಡೆಗೆ ತಿರುಗಿಸುತ್ತಿದ್ದರು. "ಅವನ ಹತ್ರ ತಗೊಳ್ಳಿ. ಅವನು ಹೇಳಿದಷ್ಟೇ ಹಾಕಿ. ಅಳತೇಲಿ ಅವನನ್ನ ಮೀರಿಸೋರಿಲ್ಲ" ಎನ್ನುತ್ತಿದ್ದರು. ಅದು ನಿಜ. ಬಿರುಬಿಸಿಲಿನಲ್ಲಿ ಹಾಕಬೇಡಿ, ಕೈಯಲ್ಲಿ ಎರಚಬೇಡಿ, ಹಾಕಿದ ಕೂಡಲೇ ನೀರು ಕೊಡಿ, ಇಲ್ಲದಿದ್ದರೆ ಹುಲ್ಲು ಸುಟ್ಟುಹೋಗುತ್ತೆ — ಚಿಕ್ಕಣ್ಣ ಇದನ್ನು ಹೇಳದೆ ಒಂದು ಪೊಟ್ಟಣವನ್ನೂ ಹೊರಗೆ ಕಳಿಸಿದವರಲ್ಲ.

ಇನ್ನು ಆ ಹುಲ್ಲಿನ ವಿಷಯ.

ಹುಲ್ಲಣ್ಣ ಆಸ್ಪತ್ರೆ ಸೇರಿದ ಮೇಲೆ ಅವರ ಮನೆ ಮುಂದಿನ ಹುಲ್ಲನ್ನು ಕೇಳುವವರಿರಲಿಲ್ಲ. ಅಕ್ಕ ಹಗಲೂ ರಾತ್ರಿ ಅವರ ಮಂಚದ ಪಕ್ಕದಲ್ಲೇ ಇದ್ದರು. ಹುಲ್ಲು ಬಣ್ಣಗೆಟ್ಟಿತು. ಅಷ್ಟರಲ್ಲಿ ವೈದ್ಯರು, ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು. ಆ ಮಾತಿನ ಅರ್ಥ ನಮಗೆಲ್ಲ ಆಯಿತು. ಚಿಕ್ಕಣ್ಣನಿಗೂ ಆಯಿತು. ಭಾವ ಮನೆಗೆ ಬರುವಾಗ ಅಂಗಳ ಹಸಿರಾಗಿರಬೇಕು — ಅವರ ತಲೆಯಲ್ಲಿ ಇದೊಂದೇ. ಎಲೆಗೊಬ್ಬರಕ್ಕೆ ಸಮಯ ಬೇಕು. ಸಮಯ ಇರಲಿಲ್ಲ. ತಮಗೆ ಗೊತ್ತಿದ್ದ ಬೇಗ ಆಗುವ ದಾರಿ ಹಿಡಿದರು.

ಗೊಬ್ಬರ ಹರಡುವ ತಳ್ಳುಗಾಡಿ ತರಬಹುದಿತ್ತು. ತರಲಿಲ್ಲ. ಹುಲ್ಲಣ್ಣನ ಅಂಗಳಕ್ಕೂ ಕೊನೆಗೆ ಯೂರಿಯಾ ಬಂತು ಎಂದು ಬೀದಿಯವರು ಭಾವನನ್ನು ಆಡಿಕೊಳ್ಳಬಾರದಲ್ಲ! ಅದಕ್ಕೆ ಬಕೆಟ್ಟಿನಲ್ಲಿ ಮುಚ್ಚಿಕೊಂಡು ಬಂದು, ಜನ ಮಲಗಿರುವ ಮಧ್ಯಾಹ್ನದಲ್ಲಿ, ಬರಿಗೈಯಲ್ಲಿ ಎರಚಿದರು. ಸಾಲದೇನೋ ಎಂದು ಮತ್ತೆ ಎರಚಿದರು. ನೀರು ಬಿಡಲು ಪೈಪು ಹಿಡಿಯುವಷ್ಟರಲ್ಲಿ ಆಸ್ಪತ್ರೆಯಿಂದ ಫೋನು — ಉಸಿರು ಏರುಪೇರಾಗಿದೆ, ಬೇಗ ಬಾ ಎಂದು. ಪೈಪು ಅಲ್ಲೇ ಬಿಟ್ಟು ಓಡಿದರು. ನೀರಿನ ನೆನಪು ಆಮೇಲೆ ಬರಲೇ ಇಲ್ಲ.

ಊರವರ ಹುಲ್ಲಿಗೆಲ್ಲ ಅಳೆದು ಕೊಟ್ಟ ಕೈ — ಭಾವನ ಹುಲ್ಲಿಗೆ ಅಳೆಯಲಿಲ್ಲ. ನಡೆದದ್ದು ಇಷ್ಟು. ಚಿಕ್ಕಣ್ಣನೇ ನನಗೆ ಹೇಳಿದ್ದು.

ಹುಲ್ಲಣ್ಣನನ್ನು ಮನೆಗೆ ಕರೆತಂದ ದಿನ ಕಾರಿನಲ್ಲಿ ನಾನೂ ಇದ್ದೆ. ಗೇಟಿನ ಮುಂದೆ ಇಳಿಸಿದೆವು. ಅವರು ಒಂದು ಕೈ ನನ್ನ ಭುಜದ ಮೇಲಿಟ್ಟು, ಒಂದು ಕೈಯಲ್ಲಿ ಅಕ್ಕನನ್ನು ಹಿಡಿದು ನಿಂತರು. ನೋಡಿದರು. ಹಸಿರು ಎಲ್ಲಿ? ಅಂಗಳದ ತುಂಬ ಕಂದು ಬಣ್ಣದ ಕಮಾನುಗಳು — ಕೈ ಬೀಸಿದ ಗುರುತು ಬೀಸಿದ ಹಾಗೆಯೇ ಸುಟ್ಟು ಮೂಡಿತ್ತು. ಅಕ್ಕ ಬಾಯಿಗೆ ಸೆರಗು ಹಿಡಿದರು.

ಹುಲ್ಲಣ್ಣ ಕಮಾನುಗಳು ಬಾಗಿದ ದಿಕ್ಕನ್ನು ಕಣ್ಣಲ್ಲೇ ಅಳೆದರು. ಆಮೇಲೆ, "ಇದು ಎಡಗೈ" ಎಂದರು.

ಅಂಗಡಿಯಲ್ಲಿ ಎಡಚ ಒಬ್ಬನೇ.

"ಏ ಯೂರಿಯಾ, ಎಲ್ಲಿದೀಯೋ? ಬಾ ಈಚೆಗೆ!" ಎಂದು ಕೂಗಿ ನಗತೊಡಗಿದರು. ನಗು ಕೆಮ್ಮಾಯಿತು, ಕೆಮ್ಮಿನ ನಡುವೆಯೂ ನಗು. ಚಿಕ್ಕಣ್ಣ ಮನೆಯ ಮಗ್ಗುಲಿನಿಂದ ಬಂದರು. ಮುಖ ಎತ್ತಲಿಲ್ಲ. "ಭಾವ, ನಿಮಗೆ ಹಸಿರು ಕಾಣ್ಲಿ ಅಂತ..." ಎನ್ನುತ್ತಲೇ ಅತ್ತುಬಿಟ್ಟರು.

"ಗೊತ್ತು ಕಣೋ. ಅಳಬೇಡ. ಹುಲ್ಲು ಕೆರೆಯೋ ಕುಂಟೆ ತಗೊಂಡು ಬಾ."

ಮರುದಿನದಿಂದ ಹುಲ್ಲಣ್ಣ ಜಗಲಿಯ ಕುರ್ಚಿಯಲ್ಲಿ, ಚಿಕ್ಕಣ್ಣ ಅಂಗಳದಲ್ಲಿ. ಬೇರೆ ಯಾರನ್ನೂ ಮುಟ್ಟಗೊಡಲಿಲ್ಲ. "ಸುಟ್ಟವನೇ ಸರಿ ಮಾಡ್ಲಿ" ಎಂದರು. ಮೊದಲು ನೀರು — ನಿಧಾನವಾಗಿ, ಗೊಬ್ಬರದ ಉಪ್ಪೆಲ್ಲ ಕೆಳಗಿಳಿಯುವ ತನಕ. ಆಮೇಲೆ ಸತ್ತ ಹುಲ್ಲನ್ನು ಕೆರೆದು ತೆಗೆಯುವುದು. ಜರಡಿ ಹಿಡಿದ ಎಲೆಗೊಬ್ಬರದ ತೆಳು ಹೊದಿಕೆ. ಅದರ ಮೇಲೆ ಬೀಜ. ಮತ್ತೆ ನೀರು. ನಾನು ಅಂಗಡಿಯಿಂದ ಚೀಲ ತಂದುಕೊಡುತ್ತಿದ್ದೆ, ಹುಲ್ಲಣ್ಣನ ಪಕ್ಕ ಕೂರುತ್ತಿದ್ದೆ.

"ಭಾವ, ಈ ಭಾಗ ಬರುತ್ತಾ?"

"ಕಿತ್ತು ತೋರಿಸು. — ಬುಡ ಬೆಳ್ಳಗಿದೆ ನೋಡು. ಬರುತ್ತೆ."

"ಇದು?"

"ಅದು ಹೋಯ್ತು. ಅದಕ್ಕೆ ಬೀಜ ಹಾಕು. ಅಳೆದು ಹಾಕೋ, ಮಾರಾಯ!"

ಒಂದು ಸಂಜೆ ಚಿಕ್ಕಣ್ಣ ನೀರಿನ ಪೈಪು ಸರಿಪಡಿಸಲು ಹಿತ್ತಲಿಗೆ ಹೋಗಿದ್ದರು. ನಾನು ತಡೆಯಲಾರದೆ ಕೇಳಿದೆ, "ಅಣ್ಣ, ನಿಮಗೆ ಬೇಜಾರಾಗ್ಲಿಲ್ವಾ?" ಅವರು ಅಂದದ್ದನ್ನು ದಯವಿಟ್ಟು ಗಮನವಿಟ್ಟು ಕೇಳಿ. ಒಂದು ಅಕ್ಷರ ಹೆಚ್ಚು ಕಡಿಮೆ ಮಾಡದೆ ಹೇಳುತ್ತಿದ್ದೇನೆ.

"ಆಸ್ಪತ್ರೆಯಿಂದ ಬಂದೋನಿಗೆ ಎಲ್ರೂ ಹಣ್ಣು ತಂದ್ರು. ಇವನೊಬ್ಬ ಕೆಲಸ ತಂದ."

ಹಿತ್ತಲ ಕಡೆ ನೋಡಿ ಮತ್ತೆ ಹೇಳಿದರು — "ಅವನಿಗೆ ನನ್ನ ಮುಖ ನೋಡಕ್ಕಾಗಲ್ಲ, ನೋಡಿದ್ರೆ ಅಳು ಬರುತ್ತೆ. ಹುಲ್ಲು ನೋಡ್ತಾ ಇದ್ರೆ ನನ್ನ ಹತ್ರ ಮಾತಾಡ್ತಾನೆ. ಸುಟ್ಟಿದ್ದು ಒಳ್ಳೇದೇ ಆಯ್ತು."

ಒಳ್ಳೇದೇ ಆಯ್ತು ಎಂದರು. ಎದೆಯೊಡೆದವರು ಆಡುವ ಮಾತೇ ಇದು?

ಬೀಜ ಮೊಳೆಯುವ ಮೊದಲೇ ಹುಲ್ಲಣ್ಣ ಹೋದರು. ಆ ಬೆಳಗ್ಗೆ ಕುರ್ಚಿಯನ್ನು ಜಗಲಿಗೆ ಹಾಕಿಸಿಕೊಳ್ಳಲೂ ಅವರಿಗೆ ಶಕ್ತಿ ಇರಲಿಲ್ಲ. ಇದಕ್ಕೆ ಸಮಾಧಾನದ ಮಾತು ನನ್ನ ಹತ್ತಿರ ಇಲ್ಲ. ಅವರು ಹಸಿರನ್ನು ನೋಡಲಿಲ್ಲ. ಚಿಕ್ಕಣ್ಣನಿಗೆ ತೋರಿಸಲಾಗಲಿಲ್ಲ.

ಅಂದಿನಿಂದ ಚಿಕ್ಕಣ್ಣ ಅಕ್ಕನ ಮನೆಯ ಗೇಟು ದಾಟಿಲ್ಲ. ಬಲಗಡೆಯ ಕೌಂಟರಿನ ಮೇಲೆ ಬಟ್ಟೆ ಹೊದಿಸಿ ಹೋದವರು ಅಂಗಡಿಗೂ ಬಂದಿಲ್ಲ. ಬೀದಿಯ ಮಾತು ಅವರ ಕಿವಿಗೆ ಬಿದ್ದಿದೆ. ಅದಕ್ಕಿಂತ ಕಷ್ಟದ್ದು — ಅವರು ಅದನ್ನು ನಂಬಿದ್ದಾರೆ.

ನಿನ್ನೆ ಅಕ್ಕ ನನ್ನನ್ನು ಕರೆಸಿದರು. ಅಂಗಳಕ್ಕೆ ತಾವೇ ನೀರು ಹಾಕುತ್ತಿದ್ದರು. "ಸಭೇಲಿ ಮಾತಾಡ್ತೀಯಂತೆ. ನನ್ನ ತಮ್ಮ ಬಂದ್ರೆ ಅವನಿಗೆ ಕೇಳೋ ಹಾಗೆ ಒಂದು ಮಾತು ಹೇಳಪ್ಪ. ನಾನು ಹೇಳಕ್ಕೆ ಹೋದ್ರೆ ಅತ್ತುಬಿಡ್ತೀನಿ" ಎಂದರು. ಏನು ಹೇಳಲಿ ಅಕ್ಕ ಎಂದೆ. "ನನಗೆ ಗಂಡನೂ ಇಲ್ಲ, ತಮ್ಮನೂ ಇಲ್ಲ ಅನ್ನೋ ಹಾಗೆ ಮಾಡ್ಬೇಡ ಅನ್ನು. ಅಷ್ಟೇ."

ಚಿಕ್ಕಣ್ಣ, ನೀವು ಬಾಗಿಲ ಹೊರಗೆ ಲಾರಿಯ ಮರೆಯಲ್ಲಿ ನಿಂತಿರುವುದು ಇಲ್ಲಿಂದ ನನಗೆ ಕಾಣುತ್ತಿದೆ. ಹೇಳಬೇಕಾದದ್ದನ್ನು ಹೇಳಿದ್ದೇನೆ.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಬೇಕು. ಚೀಲಗಳ ಹತ್ತಿರ ಕೂತವರು ನಿಧಾನ, ಎಡವಬೇಡಿ. — ಅಕ್ಕನ ಪಕ್ಕದಲ್ಲಿರುವವರು ಸ್ವಲ್ಪ ಸರಿದು ಒಬ್ಬರಿಗೆ ಜಾಗ ಮಾಡಿಕೊಡಿ. ನಡುವೆ ದಾರಿ ಬಿಡಿ.

ಎಷ್ಟು ಹೊತ್ತು ಮೌನ ಎಂದು ನಾನು ಹೇಳುವುದಿಲ್ಲ. ಆ ಬಾಗಿಲಿನಿಂದ ಈ ಜಾಗಕ್ಕೆ ಒಬ್ಬ ಮನುಷ್ಯ ನಡೆದು ಬರಲು ಎಷ್ಟು ಹೊತ್ತು ಬೇಕೋ — ಅಷ್ಟು ಹೊತ್ತು, ಹುಲ್ಲಣ್ಣನಿಗಾಗಿ, ಎಲ್ಲರೂ ಸುಮ್ಮನೆ ನಿಂತಿರೋಣ.