ದೊರೆಸಾನಿಯ ಬುಟ್ಟಿ

...ಬೆಕ್ಕಿಗೆ ವಯಸ್ಸಾಗಿತ್ತು, ಸತ್ತಿತು. ನಮ್ಮನೇಲಿ ಎಲ್ಲರೂ ನಂಬಿರೋದು ಇಷ್ಟೇ, ಡಾಕ್ಟ್ರೇ. ಎಲ್ಲರೂ ಅಂದ್ರೆ ಅಮ್ಮ ಮತ್ತೆ ನಾನು. ನೀವೂ ನಂಬಿಬಿಟ್ರೆ ಕೆಲಸ ಮುಗೀತು. ಅವತ್ತು ಇಲ್ಲೇ ಬಿಟ್ಟುಹೋದ ಅದರ ಬುಟ್ಟಿ ತಗೊಂಡು ಹೊರಡ್ತೀನಿ.

ಬಾಗಿಲು ಹಾಕ್ಲಾ? ಏನಿಲ್ಲ, ಅಮ್ಮ ಹೊರಗೆ ಬೆಂಚಿನ ಮೇಲೆ ಕೂತಿದಾರೆ. ಪಕ್ಕದ ಮನೇಲಿ ಚಮಚ ಬಿದ್ರೆ ಯಾವ ಚಮಚ ಅಂತ ಹೇಳೋ ಕಿವಿ ಅವರದ್ದು.

ಯಾಕೆ ಹಾಗೆ ನೋಡ್ತೀರಿ?

ನಾನು ಕಾಲೇಜಲ್ಲಿ ಲೆಕ್ಕ ಹೇಳ್ಕೊಡೋನು. ದೆವ್ವ ಭೂತ ಅಂದ್ರೆ ನಗೋನು. ಆದ್ರೂ ಪರದೆ ಅಲ್ಲಾಡಿದ್ರೆ ಎದೆ ಧಸಕ್ ಅನ್ನುತ್ತೆ. ಬೆಕ್ಕು ಬಂತು ಅಂತಲ್ಲ. ಅಮ್ಮ ಬಂದ್ರು, ಈಗ ಕೇಳ್ತಾರೆ ಅಂತ. ಅವರು ಏನೂ ಕೇಳ್ತಿಲ್ಲ. ಅದೇ ಭಯ.

ಅಪ್ಪ ಹೋದ ಮೇಲೆ ಆ ಮನೇಲಿ ಅಮ್ಮನ ಜೊತೆ ಮಾತಾಡ್ತಿದ್ದಿದ್ದು ಆ ಬೆಕ್ಕೊಂದೇ. ನಾನು ಪೇಪರ್ ಓದ್ತಿದ್ದೆ. ದೊರೆಸಾನಿ ಅಂತ ಹೆಸರಿಟ್ಟಿದ್ದೂ ಅಮ್ಮನೇ. ಅದರ ಕುರ್ಚೀಲಿ ಯಾರಾದ್ರೂ ಕೂತರೆ, ಬಾಡಿಗೆ ಬಾಕಿ ಇಟ್ಟೋರನ್ನ ನೋಡಿದ ಹಾಗೆ ನೋಡೋದು. ಈಗ ಕುರ್ಚಿ ಖಾಲಿ. ಇಬ್ಬರೂ ಕೂರಲ್ಲ.

ಒಂದು ಮಾತು ಕೇಳ್ಲಾ? ಸುಮ್ಮನೆ, ವಾದಕ್ಕೆ ಅಂದ್ಕೊಳ್ಳಿ. ಮೈ ಬಿಸಿ ಇದೆ ಅಂತ ಯಾರೋ ಒಬ್ಬರು ಬೆಕ್ಕಿಗೆ ಮನುಷ್ಯರ ಜ್ವರದ ಮಾತ್ರೆ ಕೊಟ್ರು ಅಂತಿಟ್ಕೊಳ್ಳಿ. ಒಂದು ಚೂರು. ಅಂದಾಜಲ್ಲಿ ಅಲ್ಲ. ಬೆಕ್ಕನ್ನ ಎತ್ಕೊಂಡು ತೂಕದ ಯಂತ್ರ ಹತ್ತಿ, ಕೆಳಗೆ ಬಿಟ್ಟು ಮತ್ತೆ ಹತ್ತಿ, ಕಳೆದು, ಭಾಗಿಸಿ. ಮನುಷ್ಯನಿಗಿಷ್ಟು ಅಂದ್ರೆ ಬೆಕ್ಕಿಗೆಷ್ಟು? ಲೆಕ್ಕ ಸರಿ ಇತ್ತು, ಡಾಕ್ಟ್ರೇ.

ತಲೆ ಆಡಿಸಬೇಡಿ. ಗೊತ್ತು. ಬೆಕ್ಕು ಅಂದ್ರೆ ಸಣ್ಣ ಮನುಷ್ಯ ಅಲ್ಲ, ಅದಕ್ಕೆ ಆ ಮಾತ್ರೆ ಚೂರೂ ವಿಷ ಅಂತ ಆಮೇಲೆ ಓದಿದೆ... ಓದಿದ್ರಂತೆ. ಆ ಯಾರೋ.

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕೊಂಡ ಅಂತೀರಾ? ಅನ್ನಿ. ಅಮ್ಮ ಅವತ್ತೇ ಹೇಳಿದ್ರು, ಡಾಕ್ಟರ್ ಹತ್ರ ಹೋಗೋಣ ಕಣೋ ಅಂತ. ಒಂದು ಬೆಕ್ಕಿನ ಜ್ವರಕ್ಕೆ ಡಾಕ್ಟರಾ ಅಂತ ನಕ್ಕೆ. ನಗೋದ್ರಲ್ಲಿ ನಾನು ಯಾವತ್ತೂ ಮುಂದು.

ಅವರಿಗೆ ಹೇಳಬೇಡಿ. ಕೇಳ್ಕೊಳ್ಳೋದು ಇಷ್ಟೇ. ಒಸಡು ಕಂದಿ ಹೋಗಿದ್ದು ನೀವು ನೋಡಿದೀರಿ. ಇದೇ ಮೇಜಿನ ಮೇಲೆ ಉಸಿರು ನಿಂತಾಗ, ವಯಸ್ಸಾಗಿತ್ತು ಬಿಡಪ್ಪಾ ಅಂತ ಮೊದಲು ಅಂದಿದ್ದು ಅಮ್ಮನೇ. ಬೆಕ್ಕಿನ ಕಡೆ ನೋಡ್ತಾ ಅಲ್ಲ, ನನ್ನ ಕಡೆ ನೋಡ್ತಾ. ಪಾಪ, ನಂಬಿದಾರೆ. ನಂಬ್ಕೊಂಡೇ ಇರಲಿ. ಅವರಿಗೆ ಉಳಿದಿರೋದು ನಾನೊಬ್ಬ. ಇವನೇ ಕೊಂದ ಅಂತ ಗೊತ್ತಾದ್ರೆ ಆಮೇಲೆ ಆ ಮನೇಲಿ ಅವರಿಗೆ ಯಾರಿರ್ತಾರೆ, ಹೇಳಿ?

ಡ್ರಾಯರಲ್ಲಿ ಏನು ಹುಡುಕ್ತಿದೀರಿ? ಬುಟ್ಟಿ ಅಗೋ, ಆ ಮೂಲೇಲೇ ಇದೆಯಲ್ಲ...

ಇದು... ಈ ಸ್ಟ್ರಿಪ್ ನನ್ನದು. ಈ ಮಾತ್ರೆ ಅಂಚು ಬ್ಲೇಡಲ್ಲಿ ಕೊಯ್ದಿದ್ದು ನಾನೇ. ನಿಮ್ಮ ಹತ್ರ ಹೇಗೆ ಬಂತು?

ಬಾಗಿಲ ಕಡೆ ಯಾಕೆ ನೋಡ್ತೀರಿ?

ಬುಟ್ಟಿ ತರ್ತೀನಿ ಅಂತ ನಿನ್ನೆ ಅಮ್ಮ ಒಬ್ಬರೇ ಹೊರಟಿದ್ರು. ಆಸ್ಪತ್ರೆ ಮುಚ್ಚಿತ್ತು ಅಂತ ಬರಿಗೈಲಿ ಬಂದ್ರು... ಮುಚ್ಚಿರಲಿಲ್ವಾ?

ಇದಕ್ಕೋಸ್ಕರ ಮನೆಯೆಲ್ಲ ಜಾಲಾಡಿದ್ದೆ, ಡಾಕ್ಟ್ರೇ. ಪ್ಯಾಂಟಿನ ಜೇಬಲ್ಲಿ ಬಚ್ಚಿಟ್ಟಿದ್ದೆ.

ನಮ್ಮನೇಲಿ ಬಟ್ಟೆ ಒಗೆಯೋದು ಅಮ್ಮ.